ಆ ರಾತ್ರಿ ಸ್ಕ್ಯಾನ್ ಮಾಡಿಕೊಟ್ಟವರಿಗೆ

ಮಕ್ಕಳ ತುರ್ತು ವಿಭಾಗಕ್ಕೆ ಪೋರ್ಟಬಲ್ ಅಲ್ಟ್ರಾಸೌಂಡ್ ಮಷಿನ್ ತಳ್ಳಿಕೊಂಡು ಬಂದ ರೇಡಿಯಾಲಜಿ ಡಾಕ್ಟರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ.

3 ವರ್ಷದ ಮಗು, ತೊಡೆಯ ಮೇಲೆ ಕೆಂಪಗೆ ಬಿಗಿದ ಬಾವು. ಬೆರಳಿಗೆ ಗಟ್ಟಿ; ಒಳಗೆ ಕೀವು ಕಟ್ಟಿದೆಯೋ, ಬರೀ ಸೆಲ್ಯುಲೈಟಿಸೋ (ಕೀವು ಕಟ್ಟದ ಚರ್ಮದ ಸೋಂಕು) ಗೊತ್ತಾಗುತ್ತಿರಲಿಲ್ಲ. ಕೀವಿದ್ದರೆ ಕೊಯ್ಯಬೇಕು, ಇಲ್ಲದಿದ್ದರೆ ಬ್ಲೇಡ್ ಮುಟ್ಟಿಸುವುದೇ ತಪ್ಪು.

ನೀವು ಜೆಲ್ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿದಿರಿ. ಮಗು ಅಮ್ಮನ ಮಡಿಲಲ್ಲೇ ಇರಲಿ ಎಂದಿರಿ. ಮೊದಲು ನೋವಿಲ್ಲದ ಕಾಲು: ಹೋಲಿಕೆಗೂ ಆಯಿತು, ಅಳುವೂ ನಿಂತಿತು. ಆಮೇಲೆ ಜೆಲ್ ದಪ್ಪಗೆ ಸುರಿದು, ಲೀನಿಯರ್ ಪ್ರೋಬನ್ನು (ಚರ್ಮದ ಹತ್ತಿರದ್ದನ್ನು ತೋರಿಸುವ ಸ್ಕ್ಯಾನ್ ಹಿಡಿ) ಒತ್ತದೆ ತೇಲಿಸಿದಿರಿ.

ಮೊದಲು ಕಂಡದ್ದು ಕಲ್ಲುಹಾಸಿನಂಥ ಚಿತ್ರ. ಅದು ಬರೀ ನೀರು ತುಂಬಿದ ಊತದಲ್ಲೂ ಬರುತ್ತದೆ. ಅಲ್ಲಿಗೇ ನಿಲ್ಲಿಸುವವರೂ ಇದ್ದಾರೆ. ನೀವು ಊತದ ಅಂಚು ದಾಟುವವರೆಗೂ ಉದ್ದಕ್ಕೆ, ಅಡ್ಡಕ್ಕೆ ಎರಡೂ ಕಡೆ ಸರಿಸಿದಿರಿ. ಗಟ್ಟಿಯಾದ ಕೀವು ಕೆಲವೊಮ್ಮೆ ಸುತ್ತಲಿನ ಕೊಬ್ಬಿನಷ್ಟೇ ಬಿಳಿ, ಸ್ಥಿರಚಿತ್ರದಲ್ಲಿ ತಪ್ಪಿಹೋಗುತ್ತದೆ. ಪ್ರೋಬಿನಿಂದ ಒಂಚೂರು ಅದುಮಿದಾಗ ಒಳಗಿನ ಕಣಗಳು ಸುಳಿದಾಡಿದವು, ಅಂದರೆ ಒಳಗಿದ್ದದ್ದು ದ್ರವ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ಅಂಚಿಗೆ ಮಾತ್ರ ರಕ್ತಹರಿವು, ನಡುವೆ ಇಲ್ಲ. ಅಂದರೆ ದುಗ್ಧರಸ ಗ್ರಂಥಿಯೂ (ಲಿಂಫ್ ನೋಡ್) ಅಲ್ಲ, ರಕ್ತನಾಳವೂ ಅಲ್ಲ. ಅಗಲ 2.2 ಸೆಂ.ಮೀ., ಚರ್ಮದಿಂದ ಆಳ 8 ಮಿ.ಮೀ.

ಜೆಲ್ ಪೂರ್ತಿ ಒರೆಸಿ (ಇಲ್ಲದಿದ್ದರೆ ಶಾಯಿ ಹಿಡಿಯುವುದಿಲ್ಲ), ಕೊಯ್ಯುವ ಭಂಗಿಯಲ್ಲೇ ಕಾಲಿಟ್ಟು ಪೆನ್ನಿನಿಂದ ಗುರುತು ಹಾಕಿದಿರಿ. ಮೊದಲ ಗೀರಿಗೇ ಕೀವು ಬಂದಾಗ ನಮಗೆಲ್ಲ ಉಸಿರು ಬಂತು. ಕರೆಯದಿದ್ದರೂ ಮರಳಿ ಬಂದು, ಕೀವಿನ ಪೊಟರೆ ಉಳಿದಿಲ್ಲವೆಂದು ಮತ್ತೊಮ್ಮೆ ನೋಡಿ ಹೋದದ್ದಕ್ಕೂ ಧನ್ಯವಾದ.