ಕೊಳವೆಬಾವಿಯ ಕಬ್ಬಿಣದ ನೀರಿಗೆ ಮೊದಲು ಗಾಳಿ, ಆಮೇಲೆ ಮರಳು

ಸದಸ್ಯರ ಗಮನಕ್ಕೆ. ಪಂಪಿನಿಂದ ಬರುವಾಗ ತಿಳಿಯಾಗಿದ್ದು, ಬಕೆಟಿನಲ್ಲಿ ಇಟ್ಟ ಮೇಲೆ ಕೆಂಪಾಗುವ ನೀರಿನಲ್ಲಿ ಕರಗಿದ ಕಬ್ಬಿಣವಿದೆ. ಕರಗಿದ್ದು ಮರಳಿನಲ್ಲಿ ನಿಲ್ಲುವುದಿಲ್ಲ. ಗಾಳಿ ತಾಗಿ ತುಕ್ಕಿನ ಕಣವಾದ ಮೇಲೆಯೇ ಸಿಕ್ಕಿಬೀಳುತ್ತದೆ.

ಟ್ಯಾಂಕಿಗೆ ನೀರು ಬೀಳುವಲ್ಲಿ ಶವರ್ ಅಥವಾ ತೂತು ಕೊರೆದ ಪೈಪು ಹಾಕಿ. ಒಂದು ಮೀಟರ್ ಎತ್ತರದಿಂದಾದರೂ ಹನಿಹನಿಯಾಗಿ ಬೀಳಲಿ. ಒಂದೆರಡು ಗಂಟೆ ನಿಂತ ಮೇಲೆ ಮರಳಿನ ಡ್ರಮ್ಮಿಗೆ ಬಿಡಿ: ಅಡಿಯಲ್ಲಿ 15 ಸೆಂ.ಮೀ. ಜಲ್ಲಿ, ಮೇಲೆ 60 ಸೆಂ.ಮೀ. ತೊಳೆದ ಹೊಳೆಮರಳು.

ನಮ್ಮ ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ನೀರಿನ ಹುಳಿತನ ತೋರಿಸುವ ಅಳತೆಯಾದ ಪಿಎಚ್‌ನಿಂದ. ಅದು 6.5ಕ್ಕಿಂತ ಕೆಳಗಿದ್ದರೆ, ಅಂದರೆ ನೀರು ಹುಳಿಯಾಗಿದ್ದರೆ, ಎಷ್ಟು ಗಾಳಿ ಕೊಟ್ಟರೂ ಕಬ್ಬಿಣ ಗಂಟೆಗಟ್ಟಲೆ ಕರಗಿಯೇ ಇರುತ್ತದೆ, ಸೋಸಿದ ನೀರು ಕೊಡಪಾನದಲ್ಲಿ ಮತ್ತೆ ಕೆಂಪಾಗುತ್ತದೆ. ಶವರಿನ ಕೆಳಗೆ, ತೂತಿನ ತಟ್ಟೆಯಲ್ಲಿ ಸುಣ್ಣಕಲ್ಲಿನ ಚೂರು ಅಥವಾ ತೊಳೆದು ಒಣಗಿಸಿದ ಮರುವಾಯಿ ಚಿಪ್ಪು ಇಡಿ. ಪಿಎಚ್ 7 ದಾಟಬೇಕು. ಚಿಪ್ಪಿಗೆ ತುಕ್ಕು ಮೆತ್ತಿದರೆ ಪರಿಣಾಮ ನಿಲ್ಲುತ್ತದೆ, ಆಗಾಗ ಉಜ್ಜಿ ತೊಳೆಯಿರಿ.

ಹರಿವು ಕಡಿಮೆಯಾದೊಡನೆ ಮರಳಿನ ಅಡಿಯಿಂದ ಮೇಲಕ್ಕೆ ನೀರು ಹಾಯಿಸಿ ಕೆಸರು ಹೊರಹಾಕಿ. ಕಪ್ಪು ಕಲೆ ಕಂಡರೆ ಮ್ಯಾಂಗನೀಸ್ ಇರಬಹುದು. ಅದಕ್ಕೆ ಬರೀ ಗಾಳಿ ಸಾಲದು; ನೀರು ಪರೀಕ್ಷೆ ಮಾಡಿಸಿಯೇ ಫಿಲ್ಟರ್ ಕೊಳ್ಳಿ.