ಪೇಟೆಯ ಮಕ್ಕಳಿಗೆ ಪೇಟೆ ತೋರಿಸಲು ನೆರವಾಗಿ

ಬೆಂಗಳೂರಿನ ಹಳೇ ಪೇಟೆಯ ವ್ಯಾಪಾರಸ್ಥರಿಗೆ, ಹಳೇ ವಿದ್ಯಾರ್ಥಿಗಳಿಗೆ, ಇಲ್ಲಿಂದ ಜಯನಗರಕ್ಕೋ ರಾಜಾಜಿನಗರಕ್ಕೋ ಮನೆ ಬದಲಿಸಿದವರಿಗೆ ನಮ್ಮ ಶಾಲಾ ಟ್ರಸ್ಟ್‌ನ ನಮಸ್ಕಾರ.

ನಮ್ಮಲ್ಲಿ ಹಮಾಲಿಗಳ, ಹೂವು ಮಾರುವವರ, ಅಂಗಡಿ ಕೆಲಸದವರ ಮಕ್ಕಳೇ ಜಾಸ್ತಿ. ದಿನಾ ಅವೆನ್ಯೂ ರಸ್ತೆ ದಾಟಿ ಶಾಲೆಗೆ ಬರುತ್ತಾರೆ. ಅದೇ ಹಳೇ ದೊಡ್ಡಪೇಟೆ ಅಂದರೆ ಬೆರಗಾಗುತ್ತಾರೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಊರು ಶುರು ಮಾಡಿದ್ದು ಇಲ್ಲೇ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳ ಗುರುತು ಹಾಕಿಸಿದರು ಎಂದು ಹೇಳುತ್ತಾರೆ. ಈಗ ಅಲ್ಲಿ ಎತ್ತಲ್ಲ, ಸ್ಕೂಟರ್ ತಿರುಗಿಸುವುದೂ ಕಷ್ಟ!

1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನು ಹಿಡಿಯಿತು, ಆಮೇಲೆ ಟಿಪ್ಪುವಿನ ಕಲ್ಲಿನ ಕೋಟೆಯನ್ನು. ಆ ಕೋಟೆಯ ದಿಲ್ಲಿ ಬಾಗಿಲು ಇನ್ನೂ ನಿಂತಿದೆ. ಪೇಟೆಯ ಹಲಸೂರು ಬಾಗಿಲು ಇಲ್ಲ, ಆ ಹೆಸರು ಪೊಲೀಸ್ ಠಾಣೆಗೆ ಉಳಿದಿದೆ. ಸಿದ್ದಿಕಟ್ಟೆ ಕೆರೆ ಇದ್ದ ಜಾಗದಲ್ಲಿ 1920ರ ದಶಕದಲ್ಲಿ ಕೆ.ಆರ್. ಮಾರ್ಕೆಟ್ ಎದ್ದಿತು. ಅಲ್ಲೇ ಬುಟ್ಟಿ ಹೊರುವವರ ಮಗಳಿಗೆ ಇದು ಗೊತ್ತಿರಬೇಡವಾ?

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವನ್ನು ಮಾತ್ರ ಎಲ್ಲ ಮಕ್ಕಳೂ ನೋಡಿದ್ದಾರೆ. ಅದು ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗುವುದನ್ನೂ ನೋಡಿದ್ದಾರೆ. ಯಾಕೆ ಹೋಗುತ್ತದೆ ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಮಗೆ ಅವಸರ ಇರುವುದು ಅದಕ್ಕೇ.

ತಿಂಗಳಿಗೊಂದು ಭಾನುವಾರ, ಅಂಗಡಿಗಳು ಮುಚ್ಚಿ ಗಲ್ಲಿಗಳು ಖಾಲಿ ಇರುವಾಗ, ಮಕ್ಕಳನ್ನು ನಡೆಸಿಕೊಂಡು ಹೋಗುತ್ತೇವೆ. ಕಬ್ಬನ್‌ಪೇಟೆಯ ನೇಕಾರರು, ನಗರ್ತಪೇಟೆಯ ಚಿನ್ನದ ಕೆಲಸದವರು, ಬಳೇಪೇಟೆಯಲ್ಲಿ ವೀಣೆ ತಬಲಾ ರಿಪೇರಿ ಮಾಡುವವರು ತಮ್ಮ ಕಸುಬಿನ ಬಗ್ಗೆ ತಾವೇ ಹೇಳುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ, ರೆಕಾರ್ಡ್ ಮಾಡುತ್ತಾರೆ. ಪ್ರತಿ ಮಗುವಿಗೂ ಕನ್ನಡದಲ್ಲೇ ಒಂದು ಪೇಟೆಯ ನಕ್ಷೆ. ಅಚ್ಚು ಇಲ್ಲಿನ ಪ್ರೆಸ್ಸಿನಲ್ಲೇ.

ಕಟ್ಟಡಕ್ಕೋ ಉದ್ಘಾಟನೆಗೋ ಅಲ್ಲ ಈ ಹಣ. 500 ರೂಪಾಯಿ ಕೊಟ್ಟರೆ ಒಂದು ಮಗುವಿನ ವರ್ಷದ ತಿಂಡಿ, ನಕ್ಷೆ, ನೋಟ್‌ಬುಕ್‌ಗೆ ಆಗುತ್ತದೆ. 5,000 ಕೊಟ್ಟರೆ ಒಂದು ತಿಂಗಳ ನಡಿಗೆಯ ಖರ್ಚು, ಬಂದು ಮಾತಾಡುವ ಹಿರಿಯರ ಗೌರವಧನ ಸೇರಿ. ನೂರು ಕೊಟ್ಟರೂ ರಸೀದಿ ಉಂಟು. ವರ್ಷದ ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಹಣ ಆಗದಿದ್ದರೆ ಅಟ್ಟದ ಮೇಲೆ ಹುಡುಕಿ. ಅಜ್ಜನ ಅಂಗಡಿಯ ಲೆಕ್ಕದ ಪುಸ್ತಕ, ಹಳೇ ಫೋಟೋ, ಮದುವೆ ಕರೆಯೋಲೆ, ಏನಾದರೂ ಸರಿ. ಸ್ಕ್ಯಾನ್ ಮಾಡಿಕೊಂಡು ನಿಮ್ಮ ಎದುರಿಗೇ ವಾಪಸ್ ಕೊಡುತ್ತೇವೆ.

ದೇಣಿಗೆಯನ್ನು ಶಾಲೆಯ ಆಫೀಸಿನಲ್ಲಿ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಕೊಡಬಹುದು. ಜೂನ್‌ನಲ್ಲಿ ಶಾಲೆ ಶುರು. ಅಷ್ಟರೊಳಗೆ ನಕ್ಷೆ ಅಚ್ಚಾಗಬೇಕು.