ಮೈಸೂರಿನ ಕೆರೆಗಳನ್ನೂ ಪ್ರವಾಸದ ದಾರಿಗೆ ಸೇರಿಸಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಮೈಸೂರಿಗೆ ಬರುವ ಪ್ರವಾಸಿಗರ ದಿನಚರಿ ಈಗ ಬಹುಮಟ್ಟಿಗೆ ಒಂದೇ ಅಚ್ಚಿನದು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ಕುಟುಂಬ ಮೊದಲು ಚಾಮುಂಡಿ ಬೆಟ್ಟಕ್ಕೆ ಹೋಗುತ್ತದೆ, ಇಳಿದು ಮೃಗಾಲಯ ನೋಡುತ್ತದೆ, ಊಟ ಮುಗಿಸಿ ಅರಮನೆಯೊಳಗೊಂದು ಸುತ್ತು ಹಾಕುತ್ತದೆ. ಸಂಜೆ ಬೃಂದಾವನಕ್ಕೆ ಹೊರಡುತ್ತದೆ, ಇಲ್ಲವೇ ಭಾನುವಾರವಾದರೆ ಅರಮನೆಯ ದೀಪಾಲಂಕಾರಕ್ಕೆ ಏಳು ಗಂಟೆಯವರೆಗೆ ಕಾದು, ಫೋಟೊ ತೆಗೆದುಕೊಂಡು, ರಾತ್ರಿಯೇ ವಾಪಸು ಊರು ಸೇರುತ್ತದೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಲೋಕಾರ್ಪಣೆಯಾದ ಮೇಲೆ ಈ ಒಂದು ದಿನದ ಓಟ ಇನ್ನಷ್ಟು ಸುಲಭವಾಗಿದೆ. ಬರುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಊರು ತನ್ನ ಬಗ್ಗೆ ಅವರಿಗೆ ಹೇಳಿರುವುದೇ ಇಷ್ಟು. ಕೆರೆಗಳು, ಅರಮನೆಗಳು, ದೇವಸ್ಥಾನಗಳು ಒಂದಕ್ಕೊಂದು ತಾಗಿಕೊಂಡು ಬೆಳೆದ ನಗರವಿದು ಎಂಬುದನ್ನು ತೋರಿಸುವ ಏರ್ಪಾಡು ನಮ್ಮಲ್ಲಿಲ್ಲ ಎಂಬ ಕಾರಣಕ್ಕೆ ಮೈಸೂರಿನ ನಿವಾಸಿಯಾಗಿ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಮೊದಲಿಗೆ ಆಡಳಿತದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಕಾರಂಜಿ ಕೆರೆ ಮೃಗಾಲಯದ ಕೈಯಲ್ಲಿದೆ. ಲಿಂಗಾಂಬುಧಿ ಕೆರೆಯನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಅಂಬಾವಿಲಾಸ ಅರಮನೆಗೆ ಅರಮನೆ ಮಂಡಳಿಯಿದೆ, ದೇವಸ್ಥಾನಗಳಿಗೆ ಮುಜರಾಯಿ ಇಲಾಖೆಯಿದೆ, ರಸ್ತೆ ಮತ್ತು ಚರಂಡಿಗಳಿಗೆ ಪಾಲಿಕೆಯಿದೆ. ಇವರೆಲ್ಲ ತಮ್ಮ ತಮ್ಮ ಬೇಲಿಯೊಳಗೆ ಕೆಲಸ ಮಾಡುತ್ತಿರಬಹುದು. ಆದರೆ ಒಂದು ಬೇಲಿಯಿಂದ ಇನ್ನೊಂದಕ್ಕೆ ದಾಟುವ ದಾರಿ ಯಾರ ಹೊಣೆಯೂ ಅಲ್ಲ. ನೀರು ಮತ್ತು ಪ್ರವಾಸಿ ಇಬ್ಬರೂ ಸಾಗಬೇಕಾದದ್ದು ಆ ದಾರಿಯಲ್ಲೇ.

ನೀರಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅರಮನೆಯ ಎದುರಿನ ವಸ್ತುಪ್ರದರ್ಶನ ಆವರಣವನ್ನು ಮೈಸೂರಿಗರು ಈಗಲೂ ದೊಡ್ಡಕೆರೆ ಮೈದಾನವೆಂದೇ ಕರೆಯುತ್ತಾರೆ. ಕೆರೆ ಇದ್ದ ಆ ಪ್ರದೇಶದಲ್ಲಿ ಇಂದು ದಸರಾ ವಸ್ತುಪ್ರದರ್ಶನ ನಡೆಯುತ್ತದೆ, ಅರಮನೆ ನೋಡಲು ಬಂದವರ ವಾಹನಗಳು ನಿಲ್ಲುತ್ತವೆ. ಜೀವನರಾಯನಕಟ್ಟೆ ಮೈದಾನವಾಗಿ ಜೆ.ಕೆ. ಮೈದಾನ ಎನಿಸಿಕೊಂಡಿತು, ಸುಬ್ಬರಾಯನಕೆರೆ ಉದ್ಯಾನವಾಯಿತು. ಹೋದದ್ದು ಹೋಯಿತು, ಅವನ್ನು ಮತ್ತೆ ತೋಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಉಳಿದಿರುವ ಕಾರಂಜಿ ಕೆರೆಗೆ ನೀರು ಬರುವುದು ಚಾಮುಂಡಿ ಬೆಟ್ಟದ ತಪ್ಪಲಿನಿಂದ ಎಂಬುದನ್ನು ಬೆಟ್ಟದ ಮೇಲಿನ ಕಾಮಗಾರಿಗಳಿಗೆ ಮಂಜೂರಾತಿ ಕೊಡುವಾಗ ನೆನಪಿಟ್ಟುಕೊಳ್ಳಬೇಕು. ಒಂದು ಕಾಲಕ್ಕೆ ಕೊಳಚೆಯಿಂದ ಕೆಟ್ಟಿದ್ದ ಕಾರಂಜಿಯನ್ನು ಮೃಗಾಲಯದವರು ಸುಧಾರಿಸಿ, ದಡದಲ್ಲಿ ಒಳಗೆ ನಡೆದಾಡಬಹುದಾದ ಪಕ್ಷಿ ಪಂಜರವನ್ನೂ ಚಿಟ್ಟೆ ಉದ್ಯಾನವನ್ನೂ ಮಾಡಿದ್ದಾರೆ. ಮೈಸೂರಿನಲ್ಲಿ ಕೆರೆಯೊಂದು ಪ್ರವಾಸದ ಭಾಗವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದಕ್ಕೆ ಮಳೆನೀರು ಒದಗಿಸುವ ಬೆಟ್ಟದ ಮೈಯನ್ನು ಕಾಂಕ್ರೀಟಿನಿಂದ ಮುಚ್ಚಿ, ಕೆಳಗೆ ದೋಣಿವಿಹಾರಕ್ಕೆ ಟಿಕೆಟ್ ಹರಿಯುವುದರಲ್ಲಿ ಅರ್ಥವಿಲ್ಲ.

ಕುಕ್ಕರಹಳ್ಳಿಯ ಕಥೆ ಸ್ವಲ್ಪ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿದ ಕೆರೆ ಅದು. ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸತೊಡಗಿದ್ದ ನಾಲೆ ಅಂದುಕೊಂಡ ಕೆಲಸಕ್ಕೆ ಒದಗದೆ ಹೋದರೂ, ಮುಂದೆ ಮಳೆನೀರನ್ನು ಹೊತ್ತು ತಂದು ಇದೇ ಕೆರೆಯನ್ನು ತುಂಬಿಸುವ ದಾರಿಯಾಯಿತು. ಈಗ ಆ ನಾಲೆಯ ಜಾಡಿನ ಮೇಲೆ ಬಡಾವಣೆಗಳಿವೆ, ರಸ್ತೆಗಳಿವೆ. ಮಳೆನೀರು ಬರಬೇಕಾದ ಕಡೆಯಿಂದ ಬಾರದೆ, ಒಳಚರಂಡಿಯ ನೀರು ಬರಬಾರದ ಕಡೆಯಿಂದ ಬಂದು ಸೇರುತ್ತದೆ ಎಂಬ ದೂರು ದಶಕಗಳಷ್ಟು ಹಳೆಯದು. ಇಷ್ಟಾದರೂ ಬೆಳಗಿನ ಹೊತ್ತು ಏರಿಯ ಮೇಲೆ ನಿಂತು ನೋಡಿದರೆ, ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕೊಂಬೆ ಬಾಗುವಷ್ಟು ಭಾರವಾಗಿ ಕುಳಿತಿರುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿರುತ್ತವೆ, ದಡದ ಕೆಸರಿನಲ್ಲಿ ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರೊಳಗೆ ಆಡಿಸುತ್ತಿರುತ್ತದೆ. ವಾಯುವಿಹಾರಕ್ಕೆ ಬಂದವರು ಇದನ್ನು ದಿನವೂ ನೋಡುತ್ತಾರೆ. ಎರಡು ಮೈಲಿ ಆಚೆ ಅರಮನೆಯ ಮುಂದೆ ಸಾಲಿನಲ್ಲಿ ನಿಂತವರಿಗೆ ಹೀಗೊಂದು ಕೆರೆ ಇರುವುದೇ ತಿಳಿದಿರುವುದಿಲ್ಲ.

ಆ ಕೆರೆಯಿಂದ ಕಾಲ್ನಡಿಗೆಯ ದೂರದಲ್ಲಿ, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ದಿಬ್ಬದ ಮೇಲೆ, ಜಯಲಕ್ಷ್ಮೀ ವಿಲಾಸ ಅರಮನೆಯಿದೆ. ಈ ಕಟ್ಟಡದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಅಂಬಾವಿಲಾಸದ ಕಥೆಗೂ ಇದಕ್ಕೂ ನೇರ ಸಂಬಂಧವಿದೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದದ್ದು ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ. ಆಗ ರೀಜೆಂಟರಾಗಿ ಆಡಳಿತ ನೋಡುತ್ತಿದ್ದ, ಚಾಮರಾಜ ಒಡೆಯರ ರಾಣಿ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಅವರಿಂದ ನಕ್ಷೆ ಮಾಡಿಸಿ ಹೊಸ ಅರಮನೆಯ ಕೆಲಸ ಆರಂಭಿಸಿದರು. ಅದು 1912ರಲ್ಲಿ ಮುಗಿಯಿತು. ಅದೇ ರಾಜಕುಮಾರಿಗಾಗಿ 1905ರ ಹೊತ್ತಿಗೆ ಎದ್ದು ನಿಂತದ್ದು ಜಯಲಕ್ಷ್ಮೀ ವಿಲಾಸ. ಮುಂದೆ ಅದು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಯಿತು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಮುಖವಾಡ, ಒಕ್ಕಲುತನದ ಸಾಮಾನುಗಳು ಕೆತ್ತನೆಯ ಮರದ ಕಂಬಗಳ ನಡುವೆ ಇದ್ದಂಥ ಜಾಗ ಅದು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ದುರಸ್ತಿಯಾಗಿ, ಮತ್ತೆ ಸೋರಿ, ಶಿಥಿಲಗೊಂಡು, ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿತ್ತು; ಈಚೆಗೆ ಅಮೆರಿಕದ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ ಅದಕ್ಕೆ ಹಣ ಬಂದಿದೆ. ದೂರದ ದೇಶವೊಂದಕ್ಕೆ ಕಂಡ ಅರಮನೆ ನಮ್ಮ ಪ್ರವಾಸಿ ಭೂಪಟದಲ್ಲಿ ಕಾಣದಿರುವುದು ಸಂಕೋಚದ ವಿಷಯವೆಂದೇ ನನ್ನ ಭಾವನೆ. ಕುಕ್ಕರಹಳ್ಳಿಯ ಏರಿಯಿಂದ ಈ ದಿಬ್ಬದವರೆಗೆ ನೆರಳಿರುವ ಒಂದು ಕಾಲುದಾರಿ, ದಾರಿಯಲ್ಲಿ ಕನ್ನಡದ ನಾಲ್ಕು ಫಲಕ, ಒಂದು ಶುಚಿಯಾದ ಶೌಚಾಲಯ ಇಷ್ಟಾದರೆ ಪ್ರವಾಸಿಗರಿಗೆ ಅರ್ಧ ದಿನ ಹೆಚ್ಚು ಉಳಿಯಲು ಕಾರಣ ಸಿಗುತ್ತದೆ. ಇದಕ್ಕೆ ಕೋಟಿಗಟ್ಟಲೆ ಹಣದ ಟೆಂಡರ್ ಬೇಕಿಲ್ಲ.

ಕೋಟೆಯೊಳಗಿನ ದೇವಸ್ಥಾನಗಳ ಸ್ಥಿತಿಯೂ ಇದೇ. ಅರಮನೆಯ ಕಲ್ಯಾಣಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ತಲೆಯೆತ್ತಿ ನೋಡಿದವರು ಹೊರಬಂದು ಐಸ್‌ಕ್ರೀಂ ಕೊಂಡು ನೇರವಾಗಿ ವಾಹನ ನಿಲ್ದಾಣದ ಕಡೆ ನಡೆಯುತ್ತಾರೆ. ಅದೇ ಗೋಡೆಗಳ ಒಳಗೆ ತ್ರಿನಯನೇಶ್ವರನಿದ್ದಾನೆ, ಯದುವಂಶದ ಮೂಲಕಥೆಯೊಂದಿಗೆ ಹೆಣೆದುಕೊಂಡಿರುವ ಕೋಡಿ ಭೈರವನಿದ್ದಾನೆ, ಲಕ್ಷ್ಮೀರಮಣಸ್ವಾಮಿಯ ಗುಡಿಯಿದೆ, ಮುಮ್ಮಡಿಯವರು ಕಟ್ಟಿಸಿದ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನವಿದೆ. ಶ್ವೇತವರಾಹಸ್ವಾಮಿಯ ಗುಡಿಗೆ ಹೋದವರು ಬಾಗಿಲುವಾಡದ ಬಳಿ ಒಂದು ಕ್ಷಣ ನಿಂತರೆ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೂರ್ಣಯ್ಯನವರ ಕಾಲದಲ್ಲಿ ನೆಲೆಗೊಂಡ ಈ ದೇವಸ್ಥಾನದಲ್ಲಿ ಹೊಯ್ಸಳರ ಕಾಲದ ನುಣುಪಾದ ಕೆತ್ತನೆಯ ಕಲ್ಲುಗಳು ಹೇಗೆ ಸೇರಿಕೊಂಡಿವೆ ಎಂದು ಬೆರಳಿಟ್ಟು ಗುರುತಿಸಬಹುದು. ಪಕ್ಕದಲ್ಲಿ ನಿಂತು ಹೇಳುವವರು ಮಾತ್ರ ಇಲ್ಲ. ಅರಮನೆಯ ಟಿಕೆಟಿನ ಹಿಂಬದಿಯಲ್ಲಿ ಈ ಗುಡಿಗಳ ಒಂದು ಸಣ್ಣ ನಕ್ಷೆ ಮತ್ತು ದರ್ಶನದ ವೇಳೆಯನ್ನು ಅಚ್ಚು ಹಾಕಿಸಲು ಅರಮನೆ ಮಂಡಳಿ ಮತ್ತು ಮುಜರಾಯಿ ಇಲಾಖೆ ಒಂದು ಸಲ ಮಾತಾಡಿಕೊಂಡರೆ ಸಾಕು.

ಇನ್ನು ಬೆಟ್ಟ. 2022ರ ಆಯವ್ಯಯದಲ್ಲಿ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಪ್ರಕಟಿಸಿ, ಮೈಸೂರಿಗರ ವಿರೋಧ ಕಂಡು ಅದೇ ವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಅದಕ್ಕೆ ಮುಂಚೆ, 2021ರ ಮಳೆಯಲ್ಲಿ, ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ರಸ್ತೆ ಕುಸಿದದ್ದನ್ನು ಊರೇ ಕಂಡಿತ್ತು. ಆಮೇಲೆ ಯಾತ್ರಾಸ್ಥಳಗಳ ಅಭಿವೃದ್ಧಿಗೆಂದು ಇರುವ ಕೇಂದ್ರದ ಪ್ರಸಾದ್ ಯೋಜನೆಯ ಕಾಮಗಾರಿಗಳ ಬಗ್ಗೆಯೂ ನಾಗರಿಕರು ಆಕ್ಷೇಪ ಎತ್ತಿದ್ದಾರೆ. ಯೋಜನೆಗಳ ಹೆಸರು ಬದಲಾಗುತ್ತದೆ, ಬೆಟ್ಟದ ಮೇಲೆ ಇನ್ನಷ್ಟು ಜನರನ್ನೂ ವಾಹನಗಳನ್ನೂ ಹತ್ತಿಸಬೇಕೆಂಬ ಹಂಬಲ ಬದಲಾಗುವುದಿಲ್ಲ. ಆದರೆ ಇದಕ್ಕೆ ಪರಿಹಾರ ಜಿಲ್ಲಾಡಳಿತಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿಯ ಮೈದಾನದಲ್ಲೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಭಕ್ತರನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಸಾವಿರಾರು ಜನ ನಸುಕಿನಲ್ಲೇ ಬಂದು ದರ್ಶನ ಮಾಡಿ ಇಳಿಯುತ್ತಾರೆ. ವರ್ಷದ ಅತಿ ಹೆಚ್ಚು ಜನಸಂದಣಿಯ ದಿನಗಳಲ್ಲೇ ನಡೆಯುವ ವ್ಯವಸ್ಥೆ ಮಾಮೂಲಿ ಶನಿವಾರ, ಭಾನುವಾರಗಳಲ್ಲಿ ಏಕೆ ನಡೆಯಬಾರದು? ಮೆಟ್ಟಿಲು ಹತ್ತುವವರು ಹತ್ತಲಿ, ಬಸ್ಸಿನವರು ಬಸ್ಸಿನಲ್ಲಿ ಬರಲಿ. ಮೇಲೆ ಮತ್ತೊಂದು ಪಾರ್ಕಿಂಗ್ ಕಟ್ಟಡಕ್ಕೆ ಬೇಡಿಕೆಯೇ ಉಳಿಯುವುದಿಲ್ಲ. ಲಲಿತಮಹಲ್‌ನಿಂದ ಹೊರಡುವ ಅದೇ ಬಸ್ಸು ಕಾರಂಜಿ ಕೆರೆ, ಅರಮನೆ, ಜಗನ್ಮೋಹನ ಅರಮನೆ, ಕುಕ್ಕರಹಳ್ಳಿಗಳನ್ನು ಸುತ್ತಿ ಬಂದರೆ ದಸರೆಯ ರಜೆಯಲ್ಲಿ ಕೆ.ಆರ್. ವೃತ್ತದ ಪೊಲೀಸರಿಗೂ ಉಸಿರಾಡಲು ಸ್ವಲ್ಪ ಬಿಡುವು ಸಿಕ್ಕೀತು.

ಹೋಟೆಲು, ಅಂಗಡಿ, ಟ್ಯಾಕ್ಸಿಗಳನ್ನು ನಂಬಿದವರು ಇದಕ್ಕೆ ಗೊಣಗಬಹುದು. ಬೆಟ್ಟದ ಮೇಲಿನ ವ್ಯಾಪಾರಿಗಳಿಗೆ ಆತಂಕವೂ ಆಗಬಹುದು. ಅವರನ್ನು ಮೊದಲೇ ಕರೆದು ಮಾತಾಡಿ ಎಂದು ಒತ್ತಾಯಿಸುತ್ತೇನೆ. ಪ್ರವಾಸಿ ಒಂದು ರಾತ್ರಿ ಉಳಿದರೆ ಹೆಚ್ಚು ಲಾಭವಾಗುವುದು ಅವರಿಗೇ.

ಕೆರೆ, ಅರಮನೆ, ದೇಗುಲಗಳ ಊರು ಎಂದೊಡನೆ ದೇಶದಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಾಜಸ್ಥಾನದ ಉದಯಪುರ. ಅಲ್ಲಿ ಪಿಚೋಲಾ ಸರೋವರವನ್ನು ಬಿಟ್ಟು ಅರಮನೆಯ ಚಿತ್ರವನ್ನೇ ಯಾರೂ ಕಲ್ಪಿಸಿಕೊಳ್ಳುವುದಿಲ್ಲ. 1651ರ ಜಗದೀಶ ಮಂದಿರ ಅರಮನೆಯಿಂದ ಕೆಲವೇ ಹೆಜ್ಜೆ. 2025ರ ಜನವರಿಯಲ್ಲಿ ಜೌಗುಭೂಮಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸರ್ ಒಪ್ಪಂದದಡಿ ಜೌಗುಭೂಮಿ ನಗರವೆಂಬ ಮಾನ್ಯತೆ ಭಾರತದಲ್ಲಿ ಮೊದಲಿಗೆ ಸಿಕ್ಕಿದ್ದು ಇಂದೋರಿಗೆ ಮತ್ತು ಇದೇ ಉದಯಪುರಕ್ಕೆ. ಅಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳುವಷ್ಟು ಮುಗ್ಧತೆ ನನಗಿಲ್ಲ, ಪ್ರವಾಸಿಗರ ಒತ್ತಡ ಅಲ್ಲಿಯೂ ಇದೆ. ಆದರೆ ಕೆರೆಯನ್ನು ಊರಿನ ಮುಖವಾಗಿ ಇಟ್ಟುಕೊಂಡ ಮೇಲೆ ಅದನ್ನು ಹಾಳುಗೆಡವುವುದು ರಾಜಕೀಯವಾಗಿಯೂ ಕಷ್ಟವಾಗುತ್ತದೆ. ಮೈಸೂರಿನ ಸುತ್ತ ಕುಕ್ಕರಹಳ್ಳಿ, ಕಾರಂಜಿ, 1828ರಲ್ಲಿ ಮುಮ್ಮಡಿಯವರು ತಮ್ಮ ರಾಣಿಯ ನೆನಪಿಗೆ ಕಟ್ಟಿಸಿದ ಲಿಂಗಾಂಬುಧಿ, ನಂಜನಗೂಡು ರಸ್ತೆಯ ಬಳಿ ಕೊಳಚೆಯಲ್ಲಿ ಏದುಸಿರು ಬಿಡುತ್ತಿರುವ ದಳವಾಯಿ ಕೆರೆ ಇವೆ. ಹತ್ತಿರದಲ್ಲೇ 2022ರಲ್ಲಿ ರಾಮ್ಸರ್ ಪಟ್ಟಿ ಸೇರಿದ ರಂಗನತಿಟ್ಟು ಇದೆ. ಜೌಗುಭೂಮಿ ನಗರದ ಮಾನ್ಯತೆಗೆ ಮೈಸೂರಿನ ಹೆಸರನ್ನು ಕಳುಹಿಸುವ ಸಿದ್ಧತೆಯನ್ನು ರಾಜ್ಯ ಸರ್ಕಾರ ಆರಂಭಿಸಬೇಕೆಂದು ಕೋರುತ್ತೇನೆ. ಅರ್ಜಿ ತುಂಬುವಾಗಲೇ ಯಾವ ಕೆರೆಗೆ ಎಲ್ಲಿಂದ ಕೊಳಚೆ ಬರುತ್ತಿದೆ, ಯಾವ ಕಾಲುವೆ ಒತ್ತುವರಿಯಾಗಿದೆ ಎಂದು ಬರೆದು ಒಪ್ಪಿಕೊಳ್ಳಬೇಕಾಗುತ್ತದೆ. ಮಾನ್ಯತೆ ಸಿಗದಿದ್ದರೂ ಆ ದಾಖಲೆಯಾದರೂ ಉಳಿಯುತ್ತದೆ.

ಪಾರಂಪರಿಕ ಕಟ್ಟಡಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ತೀರಿಕೊಂಡರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟುವುದೋ ಉಳಿಸಿ ದುರಸ್ತಿ ಮಾಡುವುದೋ ಎಂಬ ವಾದ ಇಷ್ಟು ಕಾಲ ಎಳೆದಾಡಿದ್ದೇ ಆ ಕಟ್ಟಡಗಳಿಗೆ ದೊಡ್ಡ ಅಪಾಯವಾಯಿತು. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ ಮಾರುವವರ ನಡುವೆ ಓಡಾಡಲು ದೇಶವಿದೇಶದವರು ಬರುವ ಮಾರುಕಟ್ಟೆಯ ವಿಷಯದಲ್ಲಿ ತಮ್ಮ ಇಲಾಖೆಗೂ ಒಂದು ಅಭಿಪ್ರಾಯ ಇರಬೇಕು, ಅದನ್ನು ಲಿಖಿತವಾಗಿ ಪಾಲಿಕೆಗೆ ತಿಳಿಸಬೇಕು.

ಕೆರೆ ನನ್ನ ಇಲಾಖೆಗೆ ಬರುವುದಿಲ್ಲ, ಗುಡಿ ಮುಜರಾಯಿಯದು, ಬಸ್ಸು ಸಾರಿಗೆಯವರದು ಎಂದು ತಾವು ಹೇಳಿದರೆ ಅದು ನಿಯಮದ ಪ್ರಕಾರ ಸರಿಯೇ. ಆದರೆ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕಾದ ಕಾರಣವಿರುವುದು ತಮ್ಮ ಇಲಾಖೆಗೆ ಮಾತ್ರ, ಏಕೆಂದರೆ ಬರುವ ಅತಿಥಿ ಇಲಾಖೆಗಳನ್ನು ನೋಡಲು ಬರುವುದಿಲ್ಲ. ವಿಶ್ವವಿದ್ಯಾನಿಲಯ, ಮೃಗಾಲಯ, ಅರಣ್ಯ, ಮುಜರಾಯಿ, ಅರಮನೆ ಮಂಡಳಿ, ಪಾಲಿಕೆ, ಸಾರಿಗೆ ಇವರೆಲ್ಲರನ್ನೂ ಮೈಸೂರಿನಲ್ಲೇ ಒಂದು ಮೇಜಿನ ಸುತ್ತ ಕೂರಿಸಿ, ಸಾಧ್ಯವಾದರೆ ಸಭೆಗೆ ಮುಂಚೆ ಎಲ್ಲರನ್ನೂ ಕುಕ್ಕರಹಳ್ಳಿಯ ಏರಿಯಿಂದ ಜಯಲಕ್ಷ್ಮೀ ವಿಲಾಸದವರೆಗೆ ನಡೆಸಿಕೊಂಡು ಹೋಗಿ. ವಾರಾಂತ್ಯದ ಬಸ್ಸಿನ ವ್ಯವಸ್ಥೆಯನ್ನು ಮೂರು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ಆರಂಭಿಸಿ, ಅದರ ಲೆಕ್ಕಪತ್ರವನ್ನು ಸಾರ್ವಜನಿಕರ ಮುಂದಿಡಿ. ಬೆಟ್ಟದ ಮೇಲೆ ಹೊಸದಾಗಿ ಏನನ್ನೇ ಕಟ್ಟುವ ಪ್ರಸ್ತಾವವಿದ್ದರೂ ಕಾರಂಜಿಗೆ ಹರಿಯುವ ನೀರಿನ ಮೇಲೆ ಅದರ ಪರಿಣಾಮವೇನೆಂಬ ವರದಿ ಬರುವವರೆಗೆ ತಡೆಹಿಡಿಯಿರಿ. ದಸರೆ ಮುಗಿದ ಮೇಲೆ ನೋಡೋಣವೆಂಬ ಉತ್ತರ ಪ್ರತಿವರ್ಷವೂ ಬರುತ್ತದೆ. ಈ ಸಭೆಯನ್ನು ಬರುವ ಆಷಾಢದೊಳಗೆ ಕರೆಯಬೇಕೆಂದು, ಅದರ ದಿನಾಂಕವನ್ನು ಮುಂಚಿತವಾಗಿ ಪ್ರಕಟಿಸಿ ನಾಗರಿಕರಿಗೂ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಿವಾಸಿ